ಕೆಂಚಪ್ಪ ಎ.

ಟಿವಿಡೇಲ್
2 ಜುಲೈ 2001

ದಾಕ್ಷಾ,

ಕೊನೆಯ ಸ್ಥಾನದಿಂದ ನಿನ್ನಣ್ಣನ ಆಶೀರ್ವಾದ.

ನಮ್ಮ ಬರ್ಮಿಂಗ್‌ಹ್ಯಾಮಿನ ಕಾವೇರಿ ತಂಡ ಈ ವರ್ಷವೂ ನಾಲ್ಕು ತಂಡಗಳಲ್ಲಿ ನಾಲ್ಕನೆಯದು. ಐದು ತಂಡ ಇದ್ದಿದ್ದರೆ ಐದನೆಯದಾಗುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ನಿನ್ನೆ ಕೊವೆಂಟ್ರಿ ಕನ್ನಡಿಗರು ನಮಗೆ ಏಳು ಗೋಲು ಹೊಡೆದರು. ಅವರ ಸೆಂಟರ್ ಫಾರ್ವರ್ಡಿಗೆ ಬೊಜ್ಜು ಬಂದು ಎರಡು ವರ್ಷವಾಯಿತು, ಅವನೂ ಎರಡು ಹೊಡೆದ. ನಮ್ಮ ಗೋಲ್‌ಕೀಪರ್ ಅಡಿವೆಪ್ಪನ ವಿಷಯ ಏನು ಬರೆಯಲಿ? ಬಾಗಲಕೋಟೆಯವನು, ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಆರಡಿ ಎರಡಂಗುಲ ಎತ್ತರ ಇದ್ದಾನೆ ಎಂದು ಗೋಲಿಗೆ ನಿಲ್ಲಿಸಿದೆ. ನಿಂತ. ನಿಲ್ಲುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. "ಕೈ ಎತ್ತೋ ಮಾರಾಯ!" ಎಂದು ನಾನು ಕೂಗಿದರೆ ನನ್ನ ಕಡೆ ತಿರುಗಿ, ಕೈ ಎತ್ತಿ ನಮಸ್ಕಾರ ಮಾಡಿದ. ಅಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಎರಡು ಕಂಬ ಇರಬೇಕಾದ ಕಡೆ ನಮ್ಮಲ್ಲಿ ಮೂರಿವೆ ಎಂದು ಕೊವೆಂಟ್ರಿಯವರು ನಗುತ್ತಿದ್ದರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫುಟ್‌ಬಾಲ್ ಮಾತು ಫೋನಿನಲ್ಲಿ ಕೂಡದು ಎಂಬ ನಿನ್ನ ಅತ್ತಿಗೆಯ ಆಜ್ಞೆ ಇನ್ನೂ ಜಾರಿಯಲ್ಲಿದೆ. ನೀನು ಬರ್ಮಿಂಗ್‌ಹ್ಯಾಮ್ ಬಿಟ್ಟು ಹಡರ್ಸ್‌ಫೀಲ್ಡ್ ಆಸ್ಪತ್ರೆಗೆ ಹೋದ ವರ್ಷ ನಾವಿಬ್ಬರೂ ಕಿರುಚಾಡಿದ್ದಕ್ಕೆ ಪಕ್ಕದ ಮನೆಯ ಮುದುಕಿ ಬಾಗಿಲು ತಟ್ಟಿ, ಪೊಲೀಸರನ್ನು ಕರೆಯಬೇಕೇ ಎಂದು ಲೀಲಾವತಿಯನ್ನು ಕೇಳಿದ್ದಳಲ್ಲ. ಹಾಗಾಗಿ ಕಾಗದವೇ ಗತಿ.

ಈಗ ಕೆಲಸದ ಮಾತು. ಕೊನೆಯಲ್ಲಿ ಬಂದ ತಂಡಕ್ಕೆ ಹೊಸಬರಲ್ಲಿ ಮೊದಲ ಆಯ್ಕೆ ಎಂಬುದು ಅನುರಾಗನ ನಿಯಮ. ಎರಡು ವರ್ಷ ಅಮೆರಿಕದಲ್ಲಿದ್ದು ಕೊವೆಂಟ್ರಿಗೆ ಬಂದ ಆ ಎಂಜಿನಿಯರ್ ಅಲ್ಲಿಂದ ತಂದದ್ದು ಎರಡೇ, ಬೇಸ್‌ಬಾಲ್ ಟೊಪ್ಪಿ ಮತ್ತು ಈ 'ಡ್ರಾಫ್ಟ್'. ನನಗೆ ಅದು ಹೆಣ್ಣು ನೋಡುವ ಶಾಸ್ತ್ರದ ಹಾಗೇ ಕಾಣುತ್ತದೆ. ಉಪ್ಪಿಟ್ಟೂ ಇರುತ್ತದೆ, ಸುಳ್ಳೂ ಇರುತ್ತದೆ. ಇರಲಿ, ಈ ಸಲ ಮೊದಲ ಆಯ್ಕೆ ನಮ್ಮದು. ಆಗಸ್ಟಿನ ಮೊದಲ ಬುಧವಾರ ಆಸ್ಪತ್ರೆಗಳಲ್ಲಿ ಕಿರಿಯ ಡಾಕ್ಟರುಗಳ ಬದಲಾವಣೆ, ಹನ್ನೆರಡನೇ ತಾರೀಖು ಡ್ರಾಫ್ಟ್. ನಿನ್ನ ಕಡೆಯ ಹೊಸ ಹುಡುಗರಲ್ಲಿ ಕಾಲು ಇರುವವನು ಯಾರಾದರೂ ಇದ್ದಾನೆಯೇ ನೋಡು. ಅಪ್ಪ ಬೆಂಗಳೂರಿನ ಮೈದಾನದಲ್ಲಿ ಲೈನ್ಸ್‌ಮನ್ ಬಾವುಟ ಹಿಡಿದು ಓಡುವಾಗ ಗೆರೆಯಾಚೆ ಪಕ್ಕದಲ್ಲೇ ಓಡಿದವಳು ನೀನು. ನಿನ್ನ ನಾಲಿಗೆಯನ್ನು ನಂಬದಿದ್ದರೂ ಕಣ್ಣನ್ನು ನಂಬುತ್ತೇನೆ.

ಹಂಸಾಗೆ ಇಪ್ಪತ್ತಾರಾಯಿತು. ನನಗೆ ಮಕ್ಕಳಿಲ್ಲ, ನನ್ನ ಪಾಲಿಗೆ ಇರುವುದು ಅವಳೊಬ್ಬಳ ಮದುವೆ. ಸೋದರಮಾವನಾಗಿ ಅವಳ ಕೈಹಿಡಿದು ಮಂಟಪಕ್ಕೆ ಕರೆತರಲೆಂದು ಕೊಂಡ ಜರಿ ಪಂಚೆ ಹತ್ತು ವರ್ಷದಿಂದ ಬೀರುವಿನಲ್ಲಿದೆ. ಅದಕ್ಕೆ ನುಸಿ ಹಿಡಿಯುವ ಮೊದಲು ಏನಾದರೂ ಮಾಡಿ.

ನಿನ್ನ ಅಣ್ಣ


ಹಡರ್ಸ್‌ಫೀಲ್ಡ್
15 ಜುಲೈ 2001

ಅಣ್ಣಾ,

ಏಳು ಗೋಲು ತಿಂದ ಮೇಲೂ ಇಷ್ಟು ಉದ್ದದ ಕಾಗದ ಬರೆಯುವ ಶಕ್ತಿ ನಿನಗೊಬ್ಬನಿಗೇ ಇರುವುದು. ನಿನ್ನ ತಂಡ ಆಡುವುದನ್ನು ಈಸ್ಟರ್ ದಿನ ನಾನೂ ನೋಡಿದೆ. ಹನ್ನೊಂದು ಜನ ಹನ್ನೊಂದು ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಲೀಡ್ಸ್‌ನವರೇನೂ ಮೇಲಲ್ಲ ಬಿಡು. ಕಳೆದ ವರ್ಷ ಅವರು ಹುಡುಕಿ ಹುಡುಕಿ ಆರಿಸಿಕೊಂಡ ಕಣ್ಣಿನ ಡಾಕ್ಟರಿಗೆ ಚೆಂಡೇ ಕಾಣುವುದಿಲ್ಲ.

ಒಬ್ಬ ಇದ್ದಾನೆ. ಹೆಸರು ಅಚಿಂತ್ಯ. ಫೆಬ್ರವರಿಯಲ್ಲಿ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಬಂದ. ಡ್ರಾಫ್ಟ್ ಆಗಲೇ ಮುಗಿದಿತ್ತು, ಹಾಗಾಗಿ ಯಾವ ತಂಡದಲ್ಲೂ ಇಲ್ಲ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಆಸ್ಪತ್ರೆಯ ಪೋರ್ಟರುಗಳ ಜೊತೆ ಆಡುತ್ತಾನೆ. ಎಡಗಾಲು. ಚೆಂಡು ಬಂದಾಗ ಅವನು ಚೆಂಡನ್ನು ನೋಡುವುದೇ ಇಲ್ಲ, ತಲೆ ಎತ್ತಿ ಮೈದಾನ ನೋಡುತ್ತಾನೆ. ಅಪ್ಪ ಜೀವನವಿಡೀ ಅಂಥ ಒಬ್ಬನನ್ನು ಹುಡುಕುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಅಪ್ಪನ ನೆನಪು ಬಂತು.

ಮೊದಲ ಆಯ್ಕೆ ಅವನೇ ಆಗಬೇಕು. ಅವನ ಮನೆ ಮಠ ವಿಚಾರಿಸಬೇಡ, ಕಾಲು ವಿಚಾರಿಸು. ಡ್ರಾಫ್ಟಿಗೆ ಮೊದಲು ಒಂದು ಭಾನುವಾರ ಬಂದು ನೀನೇ ಆಟ ನೋಡು, ಊಟವೂ ಇಲ್ಲೇ. ಅವನು ನಿನಗೆ ಹಿಡಿಸಬೇಕು. ತಂಡಕ್ಕೋಸ್ಕರ ಹೇಳುತ್ತಿದ್ದೇನೆ.

ಹಂಸಾ ಈಗ ವಾರ ವಾರವೂ ನನ್ನ ಜೊತೆ ಪಾರ್ಕಿಗೆ ಬರುತ್ತಾಳೆ. ನಿನ್ನ ಕಾಗದವನ್ನು ಎಂದಿನಂತೆ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ನಿನ್ನ ಕಾಗದ ಬಂದ ದಿನ ನಾನು ನಿನ್ನ ದನಿಯಲ್ಲೇ ಓದಬೇಕು, ಅವಳು ನಗಬೇಕು. ಅಡಿವೆಪ್ಪನ ನಮಸ್ಕಾರಕ್ಕೆ ನಕ್ಕು ನಕ್ಕು, "ಪೂರ್ ಮ್ಯಾನ್! ಮಾಮ ಈಸ್ ಸೋ ಮೀನ್" ಎಂದಳು.

ದಾಕ್ಷಾಯಣಿ


ಟಿವಿಡೇಲ್
13 ಆಗಸ್ಟ್ 2001

ದಾಕ್ಷಾ,

ನಿನ್ನ ಅಚಿಂತ್ಯ ಎಲ್ಲಿ? ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರಿತ್ತು, ಅಚಿಂತ್ಯ ಎಂಬುವವನಿರಲಿಲ್ಲ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದೆ. ಫಾರ್ಮ್ ತುಂಬಿಸಿ ಕಳಿಸುವಷ್ಟು ಜವಾಬ್ದಾರಿಯೂ ಇಲ್ಲದವನನ್ನು ನೀನು ಅಪ್ಪನ ಹೆಸರು ಹೇಳಿ ಹೊಗಳಿದೆಯಲ್ಲ! ನಿನ್ನ ಕಣ್ಣಿಗೂ ವಯಸ್ಸಾಯಿತು. ಬಂದು ನೋಡೋಣವೆಂದರೆ ನನಗೆ ಬಿಡುವಾಗಲಿಲ್ಲ, ಆಗದಿದ್ದದ್ದೇ ಒಳ್ಳೆಯದಾಯಿತು.

ಡ್ರಾಫ್ಟ್ ಹೇಗಿತ್ತು ಕೇಳು. ಹುಡುಗರು ಯಾರೂ ಬಂದಿರಲಿಲ್ಲ, ಅವರ ಫಾರ್ಮುಗಳು ಬಂದಿದ್ದವು. ಪಾಸ್‌ಪೋರ್ಟಿನಲ್ಲಿರುವ ಹಾಗೆ ಹೆಸರುಗಳನ್ನು ಟೈಪ್ ಮಾಡಿ ಅನುರಾಗ ಗೋಡೆಗೆ ಅಂಟಿಸಿದ್ದ, ಟೊಪ್ಪಿ ಹಾಕಿಕೊಂಡು ಕೋಲಿನಿಂದ ತೋರಿಸುತ್ತಿದ್ದ. 'ಆಟದ ಅನುಭವ' ಎಂಬಲ್ಲಿ ಒಬ್ಬ 'ಟಿವಿಯಲ್ಲಿ ನೋಡಿದ್ದೇನೆ' ಎಂದು ಬರೆದಿದ್ದ. ಇನ್ನೊಬ್ಬ, ಪಂದ್ಯದ ನಂತರ ಸಸ್ಯಾಹಾರ ಸಿಗುತ್ತದೆಯೇ ಎಂದು ನಮ್ಮನ್ನೇ ಕೇಳಿದ್ದ. ಮೂರನೆಯವನ ತಾಯಿ ಮೈಸೂರಿನಿಂದ ಅನುರಾಗನಿಗೆ ಫೋನ್ ಮಾಡಿ, ಮಗನಿಗೆ ಥಂಡಿ ಆಗದು, ಮಧ್ಯಾಹ್ನವೇ ಆಡಿಸಿ ಎಂದರಂತೆ. ಇವರು ನಾಳೆ ನಮ್ಮ ಎದುರಾಳಿಗಳನ್ನು ನಡುಗಿಸುವವರು.

ನಾನು ಆರಿಸಿದ್ದು ಆಶಿಷ್‌ನನ್ನು. ಮೈಸೂರಿನವನು, ಒಳ್ಳೆಯ ಮನೆತನ, ತಾತ ಜಡ್ಜ್ ಆಗಿದ್ದರಂತೆ. ಫಾರ್ಮಿನ ಜೊತೆ ಜೆರ್ಸಿ ಹಾಕಿದ ಫೋಟೋ. 'ರಾಜ್ಯಮಟ್ಟದ ಆಟಗಾರ' ಎಂದು ಬರೆದಿದ್ದಾನೆ. ಹೆಸರು ಕೂಗಿದಾಗ ಮ್ಯಾಂಚೆಸ್ಟರಿನವರ ಮುಖ ಇಳಿದುಹೋಯಿತು. ಆ ಮುಖ ನೋಡಲಿಕ್ಕಾದರೂ ನೀನು ಇರಬೇಕಿತ್ತು.

ಇನ್ನೊಬ್ಬನಿದ್ದ, ಅವನ ಹೆಸರನ್ನು ಕೊನೆಗೆ ಹೇಳುತ್ತೇನೆ. ಹಂಸಾಗೆ ಓದುವಾಗ ಇಲ್ಲಿ ಸ್ವಲ್ಪ ನಿಲ್ಲಿಸಿ ಊಹೆ ಮಾಡಿಸು. ಅನುಭವ ಎಂಬಲ್ಲಿ ಏನು ಬರೆದಿದ್ದ ಗೊತ್ತೇ? 'ಅಪ್ಪನ ಜೊತೆ.' ಅಷ್ಟೇ! ಅಪ್ಪನ ಜೊತೆ ಏನು ಮಾಡುತ್ತಿದ್ದ, ಎಮ್ಮೆ ಕಾಯುತ್ತಿದ್ದನೇ? ಹೆಸರು ನೋಡಿದರೆ ಅದೇ ಸರಿ ಅನ್ನಿಸುತ್ತದೆ. ಎಮ್ಮೆಯ ಹಿಂದೆ ಓಡಲಿಕ್ಕೆಂದೇ ಇಟ್ಟ ಹೆಸರು ಅದು, ಚೆಂಡಿನ ಹಿಂದೆ ಓಡಲಿಕ್ಕಲ್ಲ. ಡಾಕ್ಟರಾಗಿದ್ದು ಸರ್ಕಾರದ ಕೋಟಾದ ದಯೆ ಇರಬೇಕು, ಫುಟ್‌ಬಾಲಿಗೆ ಕೋಟಾ ಇಲ್ಲವಲ್ಲ. ಊಹಿಸಿದಳೇ? ಹೇಳಿಬಿಡಲೇ? 'ಕೆಂಚಪ್ಪ ಎ.'! ನಾನು ಅಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆ 'ಎ.' ಏನಿರಬಹುದು ಎಂದು ಅನುರಾಗ ಕೇಳಿದ. "ಅಡಿವೆಪ್ಪನೇ ಇರಬೇಕು, ನಮ್ಮಲ್ಲಿ ಒಂದು ಕಂಬ ಸಾಕಪ್ಪಾ" ಎಂದೆ. ಇಡೀ ಹಾಲ್ ನಕ್ಕಿತು. ಎಲ್ಲರೂ ಬಿಟ್ಟ ಮೇಲೆ ಮ್ಯಾಂಚೆಸ್ಟರಿನವರು ಪಾಪ ಅವನನ್ನು ತೆಗೆದುಕೊಂಡರು.

ನಿನ್ನ ಅಣ್ಣ


ಹಡರ್ಸ್‌ಫೀಲ್ಡ್
24 ಸೆಪ್ಟೆಂಬರ್ 2001

ಅಣ್ಣನಿಗೆ,

ಕಾಗದ ಬಂತು. ಓದಿದೆವು. ನೀನು ಹೇಳಿದ ಜಾಗದಲ್ಲೇ ನಿಲ್ಲಿಸಿ ಓದಿದೆ. ಆ ದಿನ ಪೂರಿ ಸಾಗು ಮಾಡಿದ್ದೆ.

ಒಂದೇ ಪ್ರಶ್ನೆ. ಕೆಂಚಪ್ಪ ಎನ್ನುವವನ ಆಟ ನೀನು ನೋಡಿದ್ದೆಯಾ?

ದಾಕ್ಷಾಯಣಿ


ಟಿವಿಡೇಲ್
14 ಅಕ್ಟೋಬರ್ 2001

ದಾಕ್ಷಾ,

ಆರು ವಾರ ಕಾಯಿಸಿ ನಾಲ್ಕು ಸಾಲು ಬರೆದಿದ್ದೀ. ಅಚಿಂತ್ಯನ ವಿಷಯದಲ್ಲಿ ನಾಚಿಕೆಯಾಗಿದೆ ಎಂದು ಕಾಣುತ್ತದೆ. ಆಗಲಿ, ತಪ್ಪೇನಿಲ್ಲ, ಅಣ್ಣನ ಮುಂದೆ ನಾಚಿಕೆ ಎಂಥದ್ದು.

ಆಟ ನೋಡಿಲ್ಲ. ಹೆಸರು ನೋಡಿದೆ, ಸಾಕು. ಮೂವತ್ತು ವರ್ಷದಿಂದ ರೋಗಿಗಳ ಪಟ್ಟಿ ನೋಡುತ್ತಿರುವವನು ನಾನು. ಹೆಸರು ಓದಿದರೆ ಮನೆ ಗೊತ್ತಾಗುತ್ತದೆ, ಮನೆ ಗೊತ್ತಾದರೆ ಮನುಷ್ಯ ಗೊತ್ತಾಗುತ್ತಾನೆ.

ಆಶಿಷ್ ವಿಷಯ ಬರೆಯಲು ಕೈ ಏಳುತ್ತಿಲ್ಲ, ಆದರೂ ನೀನು ಬೇರೆಯವರಿಂದ ಕೇಳುವುದು ಬೇಡ. ಮೊದಲ ಪಂದ್ಯಕ್ಕೆ ಕೈಗವಸು ಹಾಕಿಕೊಂಡು, ಕೂದಲಿಗೆ ಜೆಲ್ ಮೆತ್ತಿಕೊಂಡು ಬಂದ. ಹೆಡ್ ಮಾಡೋ ಎಂದರೆ ಕೂದಲು ಕೆಡುತ್ತದೆ ಎಂದು ತಲೆ ತಗ್ಗಿಸಿದ. ಅರ್ಧ ಗಂಟೆಗೆ ಏದುಸಿರು. ವಿರಾಮದಲ್ಲಿ ಕರೆದು, "ರಾಜ್ಯಮಟ್ಟದಲ್ಲಿ ಯಾವ ಸ್ಥಾನದಲ್ಲಿ ಆಡ್ತಿದ್ದೆಯಪ್ಪಾ?" ಎಂದು ಕೇಳಿದೆ. "ಅಂಕಲ್, ಅದು ಕೇರಮ್" ಎಂದ. ಫಾರ್ಮಿನಲ್ಲಿ ಯಾವ ಆಟ ಎಂದು ಕೇಳಿರಲಿಲ್ಲವಂತೆ. ಜೆರ್ಸಿ ಅವನ ಅಣ್ಣನದು. ಜಡ್ಜ್ ತಾತನ ಮೊಮ್ಮಗ! ಬಹುಶಃ ತೀರ್ಪುಗಳೂ ಹೀಗೆಯೇ ಇದ್ದವೇನೋ.

ಇದೇನೂ ನನ್ನ ತಪ್ಪಲ್ಲ, ಫಾರ್ಮಿನ ತಪ್ಪು. ದೀಪಾವಳಿ ಪಂದ್ಯಕ್ಕೆ ಮ್ಯಾಂಚೆಸ್ಟರ್ ನಮ್ಮಲ್ಲಿಗೇ ಬರುತ್ತದೆ, ನವೆಂಬರ್ ಹದಿನೆಂಟು. ಹಂಸಾಳನ್ನೂ ಕರೆದುಕೊಂಡು ಬಾ.

ನಿನ್ನ ಅಣ್ಣ


ಟಿವಿಡೇಲ್
19 ನವೆಂಬರ್ 2001

ದಾಕ್ಷಾ,

ನಿನ್ನೆ ಮೈದಾನದ ಆ ಕಡೆ ನಿಂತಿದ್ದು, ನನ್ನ ಹತ್ತಿರವೂ ಬಾರದೆ ಹೊರಟುಹೋದೆ. ಆರು ಒಂದರಲ್ಲಿ ಸೋತವನ ಮುಖ ನೋಡಲಾಗಲಿಲ್ಲ ಎಂದುಕೊಳ್ಳುತ್ತೇನೆ.

ಆದರೆ ಆ ಎಡಗಾಲು! ಮೂರನೆಯ ಗೋಲು ನೋಡಿದೆಯಾ? ಇಬ್ಬರನ್ನು ದಾಟಿ, ನಿಂತು, ತಲೆ ಎತ್ತಿ ನೋಡಿ, ಅಡಿವೆಪ್ಪ ಯಾವ ಕಡೆ ಬೀಳಬೇಕೆಂದು ಯೋಚಿಸಲು ಸಮಯ ಕೊಟ್ಟು, ಇನ್ನೊಂದು ಕಡೆ ಇಟ್ಟ. ನನ್ನ ಪಕ್ಕದವನನ್ನು "ಯಾರಪ್ಪಾ ಈ ಹುಡುಗ?" ಎಂದು ಕೇಳಿದೆ. "ಡಾಕ್ಟರ್ ಕೆಂಚಪ್ಪ" ಎಂದ. ಅಷ್ಟರಲ್ಲಿ ಹಂಸಾ ಮ್ಯಾಂಚೆಸ್ಟರಿನವರ ಕಡೆಯಿಂದ "ಕಮಾನ್, ಅಚಿಂತ್ಯಾ!" ಎಂದು ಕೂಗಿದಳು. ಆಗ ಗೊತ್ತಾಯಿತು, ನಿನ್ನ ಅಚಿಂತ್ಯ ಮತ್ತು ನನ್ನ ಕೆಂಚಪ್ಪ ಒಬ್ಬನೇ ಎಂದು!

ಇದಕ್ಕೆ ನೀನೇ ಹೊಣೆ. ಅವನ ಅಪ್ಪನ ಹೆಸರು ಕೆಂಚಪ್ಪ ಎಂದು ಒಂದು ಮಾತು ಬರೆದಿದ್ದರೆ ಇವತ್ತು ಆ ಮೂರು ಗೋಲು ನಮ್ಮವು. ಅಚಿಂತ್ಯ ಎಂಬ ಅಷ್ಟು ಚೆಂದದ ಹೆಸರಿಟ್ಟುಕೊಂಡವನನ್ನು ಕೆಂಚಪ್ಪ ಎಂದು ಟೈಪ್ ಮಾಡಿದ ಅನುರಾಗನನ್ನು ಅವನ ಟೊಪ್ಪಿಯ ಸಮೇತ ಅಮೆರಿಕಕ್ಕೆ ವಾಪಸು ಕಳಿಸಬೇಕು.

ಆದದ್ದಾಯಿತು. ಫೆಬ್ರವರಿಯ ಬದಲಾವಣೆಯಲ್ಲಿ ಆಟಗಾರ ಒಪ್ಪಿದರೆ ತಂಡ ಬದಲಾಯಿಸಬಹುದು. ನೀನು ಅವನನ್ನು ಒಂದು ದಿನ ಮನೆಗೆ ಊಟಕ್ಕೆ ಕರೆ. ನಿನ್ನ ಪೂರಿ ಸಾಗು ತಿಂದವನು ಇಲ್ಲ ಎನ್ನಲಾರ. ನನ್ನ ಬಗ್ಗೆಯೂ ಎರಡು ಒಳ್ಳೆಯ ಮಾತು ಹೇಳು. ಹಂಸಾ ಅವನ ಕೋಟು ಹಿಡಿದುಕೊಂಡು ನಿಂತಿದ್ದಳು, ಎದುರು ತಂಡದವನಿಗೂ ಸಹಾಯ ಮಾಡುವ ಒಳ್ಳೆಯ ಮನಸ್ಸು ನಮ್ಮ ಹುಡುಗಿಗೆ. ಅವಳಿಂದಲೂ ಹೇಳಿಸು.

ನಿನ್ನ ಅಣ್ಣ


ಹಡರ್ಸ್‌ಫೀಲ್ಡ್
2 ಡಿಸೆಂಬರ್ 2001

ಅಣ್ಣನಿಗೆ,

ಊಟಕ್ಕೆ ಕರೆದಿದ್ದೆ. ಆಗಸ್ಟ್ ಹತ್ತೊಂಬತ್ತರಂದೇ ಕರೆದಿದ್ದೆ.

ಹಂಸಾ ಅವನನ್ನು ಮದುವೆಯಾಗುತ್ತಾಳೆ. ಜೂನ್‌ನಲ್ಲೇ ನನಗೆ ಹೇಳಿದಳು. ಅಣ್ಣನಿಗೆ ಈಗಲೇ ಬೇಡ, ಮೊದಲು ಆಟ ನೋಡಲಿ, ಮೆಚ್ಚಲಿ, ಆಮೇಲೆ ಮನೆಯ ವಿಷಯ ಹೇಳಿದರೆ ಆಯಿತು ಎಂದು ನಾನೇ ಲೆಕ್ಕ ಹಾಕಿದೆ. ಅವನ ಅಪ್ಪನ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿತ್ತಲ್ಲ. ಹೆಸರನ್ನು ಮುಚ್ಚಿಟ್ಟದ್ದು ನನ್ನ ಹೇಡಿತನ, ಅದಕ್ಕಾಗಿ ನನ್ನನ್ನು ಕಂಡರೆ ನನಗೇ ಅಸಹ್ಯ.

ಆ ಭಾನುವಾರ ಅವನು ಮೊದಲ ಸಲ ನಮ್ಮ ಮೇಜಿನಲ್ಲಿ ಊಟಕ್ಕೆ ಕುಳಿತಿದ್ದ. ನಿನ್ನ ಕಾಗದ ಬುಧವಾರವೇ ಬಂದಿತ್ತು, ಒಡೆಯದೆ ಇಟ್ಟಿದ್ದೆ. ನಮ್ಮಣ್ಣ ಎಷ್ಟು ತಮಾಷೆಯವನು ಎಂದು ಅವನಿಗೂ ಗೊತ್ತಾಗಲಿ ಎಂಬ ಆಸೆ. ಅವನನ್ನು ಬೈದ ಮೊದಲ ಸಾಲುಗಳನ್ನು ಹಾರಿಸಿ, ಡ್ರಾಫ್ಟಿನ ಕಥೆಯಿಂದ ನಿನ್ನ ದನಿಯಲ್ಲೇ ಓದಿದೆ. 'ಟಿವಿಯಲ್ಲಿ ನೋಡಿದ್ದೇನೆ' ಎಂಬುದಕ್ಕೆ ಅವನೂ ನಕ್ಕ. ನೀನು ಹೇಳಿದ ಜಾಗದಲ್ಲಿ ನಿಲ್ಲಿಸಿ, "ಊಹೆ ಮಾಡಿ ನೋಡೋಣ" ಎಂದೆ. ಹಂಸಾ ಒಂದು ಹೆಸರು ಹೇಳಿದಳು, ಅವನೂ ನಗುತ್ತಾ ಒಂದು ಹೆಸರು ಹೇಳಿದ. 'ಅಪ್ಪನ ಜೊತೆ' ಎಂದಾಗಲೇ ಅವನ ನಗು ನಿಂತಿತ್ತಂತೆ, ನಾನು ನೋಡದೆ ಎಮ್ಮೆಯ ಮಾತನ್ನೂ ಓದುತ್ತಾ ಹೋದೆ. ಆಮೇಲೆ ನಾನು ಆ ಹೆಸರನ್ನು ಓದಿದೆ, ಗಟ್ಟಿಯಾಗಿ, ನೀನು ಹೇಗೆ ಓದಬೇಕೆಂದು ಬಯಸಿದ್ದೆಯೋ ಹಾಗೆ.

ಅವನು ಕೈಯಲ್ಲಿದ್ದ ಪೂರಿಯನ್ನು ತಟ್ಟೆಯಲ್ಲಿಟ್ಟ. "ಆಂಟಿ, ಅದು ನಮ್ಮಪ್ಪನ ಹೆಸರು" ಎಂದ, ನನಗೆ ತಿಳಿಯದೇನೋ ಎಂಬ ಹಾಗೆ. ತಟ್ಟೆ ತೊಳೆದಿಟ್ಟು, ಥ್ಯಾಂಕ್ಸ್ ಹೇಳಿ ಹೋದ. ಹಂಸಾ ಅಂದಿನಿಂದ ನಿನ್ನ ಕಾಗದ ಓದು ಎಂದು ಕೇಳಿಲ್ಲ. ನವೆಂಬರಿನದನ್ನು ನಾನೊಬ್ಬಳೇ ಅಡುಗೆಮನೆಯಲ್ಲಿ ನಿಂತು ಓದಿದೆ.

ಆ ಕೆಂಚಪ್ಪನವರು ಭದ್ರಾವತಿಯಲ್ಲಿ ಪಿ.ಟಿ. ಮೇಷ್ಟರಾಗಿದ್ದವರು. 'ಅಪ್ಪನ ಜೊತೆ' ಎಂದರೆ ಅದು. ಮಗ ಬಲಗಾಲಿನಲ್ಲಿ ಚೆಂಡು ಮುಟ್ಟಿದರೆ ಮೈದಾನ ಒಂದು ಸುತ್ತು ಓಡಿಸುತ್ತಿದ್ದರಂತೆ, ಒಂದು ವರ್ಷ ಪೂರ್ತಿ. ಆ ಎಡಗಾಲನ್ನು ಮಾಡಿದವರು ಅವರು. ನೀನು ಮಾಡಿದ್ದು ಏನು? ಮೂವತ್ತು ವರ್ಷದಿಂದ ನಿನ್ನ ಕ್ಲಿನಿಕ್ಕಿನ ಬಾಗಿಲ ಮೇಲೆ 'ಡಾ. ಸುಬ್ಬರಾವ್' ಎಂದಿದೆ. ಅದು ನಮ್ಮಪ್ಪನ ಹೆಸರು, ನಿನ್ನದಲ್ಲ. ಅಚ್ಯುತ ಎಂಬ ನೀನು ಆ ಡ್ರಾಫ್ಟಿನಲ್ಲಿದ್ದಿದ್ದರೆ ಅನುರಾಗ 'ಸುಬ್ಬರಾವ್ ಎ.' ಎಂದೇ ಟೈಪ್ ಮಾಡುತ್ತಿದ್ದ. ಈ ದೇಶ ನಮ್ಮೆಲ್ಲರಿಗೂ ಅಪ್ಪನ ಹೆಸರನ್ನೇ ಹಚ್ಚುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಒಂದು ಕ್ಷಣ ಯೋಚಿಸಲಿಲ್ಲ. ನಗು ಅಷ್ಟು ಅವಸರದಲ್ಲಿತ್ತು. ಹೆಸರು ಓದಿದರೆ ಮನುಷ್ಯ ಗೊತ್ತಾಗುತ್ತಾನೆ ಎಂದು ಬರೆದೆಯಲ್ಲ, ಗೊತ್ತಾಗುವುದು ಜಾತಿ ಅಣ್ಣಾ. ನೀನು ಓದಿದ್ದೂ ಅಷ್ಟನ್ನೇ.

ಮದುವೆ ಮೇ ಐದು, ಭಾನುವಾರ, ಇಲ್ಲೇ ಹಡರ್ಸ್‌ಫೀಲ್ಡಿನಲ್ಲಿ. ಸೋದರಮಾವನಾಗಿ ನಿನ್ನನ್ನೇ ಕರೆಯಬೇಕೆಂದು ಹೇಳುತ್ತಿರುವವನು ಅಚಿಂತ್ಯ. ಹಂಸಾ ಬೇಡ ಎನ್ನುತ್ತಾಳೆ. ನಾನು ಇನ್ನೂ ತೀರ್ಮಾನಿಸಿಲ್ಲ.

ದಾಕ್ಷಾಯಣಿ


ಟಿವಿಡೇಲ್
20 ಜನವರಿ 2002

ದಾಕ್ಷಾ,

ಇದು ಏಳನೆಯ ಕಾಗದ. ಆರು ಹರಿದು ಹಾಕಿದೆ. ಲೀಲಾವತಿ ನಿನ್ನ ಕಾಗದ ಓದಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ತಪ್ಪಾಯಿತು. ನನ್ನ ತಮಾಷೆ ಯಾವಾಗಲೂ ಹಾಗೆಯೇ, ನಿನಗೆ ಗೊತ್ತು. ಆ ಹುಡುಗ ಮೇಜಿನಲ್ಲಿದ್ದ ಎಂದು ತಿಳಿದಾಗ ನನಗಾದ ಸಂಕಟ ದೇವರಿಗೇ ಗೊತ್ತು. ಅವನ ಮೇಲೆ ನನ್ನದೇನೂ ತಕರಾರಿಲ್ಲ. ಡಾಕ್ಟರ್, ಸಭ್ಯ, ಮೇಲಾಗಿ ಅಂಥ ಎಡಗಾಲು. ಆಶಿಷ್‌ನಂಥ ಹತ್ತು ಜನರನ್ನು ನಿವಾಳಿಸಿ ಎಸೆಯಬೇಕು. ನಾನು ಹಳೆಯ ಕಾಲದವನೆಂದು ನೀವೆಲ್ಲ ತಿಳಿದಿದ್ದೀರಿ, ಆದರೆ ನನ್ನ ಮನಸ್ಸು ದೊಡ್ಡದೇ ಇದೆ. ಹಂಸಾಳನ್ನು ನಾನೇ ಮಂಟಪಕ್ಕೆ ಕರೆತರುತ್ತೇನೆ. ಆ ಹಕ್ಕನ್ನು ಮಾತ್ರ ಕಿತ್ತುಕೊಳ್ಳಬೇಡ, ಕೈಮುಗಿದು ಕೇಳುತ್ತೇನೆ.

ಒಂದೇ ಒಂದು ಸಣ್ಣ ವಿಷಯ. ಲಗ್ನಪತ್ರಿಕೆ ಬೆಂಗಳೂರಿಗೂ ಹೋಗುತ್ತದೆ, ಚಿಕ್ಕಪ್ಪಂದಿರ ಮನೆಗಳಿಗೂ ಹೋಗುತ್ತದೆ. ಅದರಲ್ಲಿ ಹುಡುಗನ ಹೆಸರನ್ನು 'ಅಚಿಂತ್ಯ ಕೆ.' ಎಂದಷ್ಟೇ ಹಾಕಿಸು. ಸುಳ್ಳೇನೂ ಅಲ್ಲವಲ್ಲ, ಇನಿಷಿಯಲ್ ತಾನೆ. ಕೇಳಿದವರು ಕೃಷ್ಣಮೂರ್ತಿ ಎಂದುಕೊಳ್ಳಲಿ. ಯಾರಿಗೂ ನೋವಿಲ್ಲ.

ನಿನ್ನ ಅಣ್ಣ


ಹಡರ್ಸ್‌ಫೀಲ್ಡ್
24 ಮಾರ್ಚ್ 2002

ಅಣ್ಣನಿಗೆ,

ಲಗ್ನಪತ್ರಿಕೆ ಇದರ ಜೊತೆಗಿದೆ. ನೀನು ಕೇಳಿದ ಹಾಗೆ ಇನಿಷಿಯಲ್ ಹಾಕಿಸಿದ್ದೇನೆ, ಆದರೆ ನಿನಗೆ. 'ಭದ್ರಾವತಿಯ ಶ್ರೀ ಕೆಂಚಪ್ಪನವರ ಮಗ ಡಾ. ಅಚಿಂತ್ಯ ಕೆಂಚಪ್ಪ' ಎಂಬುದು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ, 'ವಧುವಿನ ಸೋದರಮಾವ: ಎ.' ಅಷ್ಟೇ ಇದೆ. ಚಿಕ್ಕಪ್ಪಂದಿರು ಏನು ಬೇಕಾದರೂ ಎಂದುಕೊಳ್ಳಲಿ, ಯಾರಿಗೂ ನೋವಿಲ್ಲ.

ಆ 'ಎ.' ಯಾರು ಎಂಬುದು ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ತೀರ್ಮಾನವಾಗುತ್ತದೆ. ಕೆಂಚಪ್ಪನವರು ಬಾಗಿಲಲ್ಲಿ ನಿಂತಿರುತ್ತಾರೆ. ನೀನು ಬಂದು ಎಲ್ಲರ ಎದುರು ಅವರ ಹೆಸರು ಹಿಡಿದು, ಪೂರ್ತಿಯಾಗಿ, ನಮಸ್ಕಾರ ಹೇಳಿದರೆ ಅದು ಅಚ್ಯುತ. ಇಲ್ಲದಿದ್ದರೆ ಅಡಿವೆಪ್ಪ. ಹೌದು, ನಿನ್ನ ಕಂಬವೇ. ಹಂಸಾ ಅವನನ್ನು ಆರಿಸಿದಳು. ಫೋನ್ ಮಾಡಿ ಕೇಳಿದಾಗ ಅವನಂದದ್ದು, "ಅಯ್ಯ, ಅದಕ್ಕೇನ್ರೀ ಮೇಡಂ, ನಮ್ಮ ತಂಗೀನ ಮಗಳು ಅಂತ ತಿಳಕೊಂಡು ಕರಕೊಂಡು ಬರ್ತೀನ್ರಿ. ಆದ್ರ ಡಾಕ್ಟರ್ ಸಾಹೇಬ್ರು ಬಂದ್ರ ನಾ ಹಿಂದ ಸರೀತೀನ್ರಿ, ಅವರದ ಹಕ್ಕದು." ಹತ್ತು ವರ್ಷದ ನಿನ್ನ ಆಯ್ಕೆಗಳಲ್ಲಿ ಸರಿಯಾದದ್ದು ಅವನೊಬ್ಬನೇ, ಅವನನ್ನೂ ನೀನು ಎತ್ತರ ನೋಡಿ ಆರಿಸಿದ್ದೆ.

ನಮ್ಮ ಮೊದಲ ಆಯ್ಕೆ ನೀನೇ ಆಗಿದ್ದೆ ಅಣ್ಣಾ.

ದಾಕ್ಷಾಯಣಿ


ಟಿವಿಡೇಲ್
7 ಮೇ 2002

ದಾಕ್ಷಾ,

ನಾನು ಬರಲಿಲ್ಲ ಎಂದು ನೀನು ತಿಳಿದಿರಬಹುದು. ಬಂದಿದ್ದೆ. ಎಂಟೂವರೆಗೇ ಹಾಲ್‌ನ ಕಾರ್‌ಪಾರ್ಕಿನಲ್ಲಿದ್ದೆ, ಜರಿ ಪಂಚೆ ಉಟ್ಟುಕೊಂಡು. ದಾರಿಯುದ್ದಕ್ಕೂ "ಕೆಂಚಪ್ಪನವರೇ, ನಮಸ್ಕಾರ" ಎಂದು ಅಭ್ಯಾಸ ಮಾಡಿದೆ. ಲೀಲಾವತಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಬಾಗಿಲಲ್ಲಿ ಬಿಳಿ ಅಂಗಿಯ ಒಬ್ಬರು ನಿಂತು, ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. ಅವರೇ ಎಂದು ಗೊತ್ತಾಯಿತು, ತಲೆ ಎತ್ತಿ ನೋಡುವ ರೀತಿಯಲ್ಲೇ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಲೀಲಾವತಿ "ನಿಮಗೆ ಆದಾಗ ಬನ್ನಿ" ಎಂದು ಇಳಿದು ಹೋದಳು. ನನಗೆ ಆಗಲಿಲ್ಲ. ಆ ಹೆಸರನ್ನು ಹೇಳಲು ಹೋದರೆ ನಾನು ಅದಕ್ಕೆ ನಕ್ಕ ನಗುವೇ ಬಾಯಿಗೆ ಬರುತ್ತಿತ್ತು. ಎಂಥ ಹೀನ ಮನುಷ್ಯ ನಾನು ಎಂದು ಆಗ ತಿಳಿಯಿತು.

ಹತ್ತೂಕಾಲಿಗೆ ನಾಗಸ್ವರದ ಕ್ಯಾಸೆಟ್ ಕೇಳಿಸಿತು. ಅಡಿವೆಪ್ಪ ಅವಳನ್ನು ಕರೆತರುವಾಗ ಒಂದು ಹೆಜ್ಜೆಯೂ ತಪ್ಪಲಿಲ್ಲವಂತೆ, ಲೀಲಾವತಿ ಹೇಳಿದಳು.

ಊಟದ ಹೊತ್ತಿಗೆ ಕಾರಿನ ಗಾಜು ಯಾರೋ ತಟ್ಟಿದರು. ಅವರೇ. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಎಲ್ಲ ಬಡಿಸಿಕೊಂಡು ತಂದಿದ್ದರು. ನಾನು ಗಾಜು ಇಳಿಸಿದೆ. "ಬೆಳಿಗ್ಗೆಯಿಂದ ಕೂತಿದ್ದೀರಿ, ಸ್ವಾಮಿ. ಮೈ ಹುಷಾರಿಲ್ವೇನೋ. ಇಲ್ಲೇ ಊಟ ಮಾಡಿ" ಎಂದರು. ಗೊತ್ತಿದ್ದು ಬಂದರೋ, ಗೊತ್ತಿಲ್ಲದೆ ಬಂದರೋ, ಅವರ ಮುಖದಲ್ಲಿ ನನಗೆ ಕಾಣಲಿಲ್ಲ. ತಟ್ಟೆ ಕೊಟ್ಟು, "ನಾನು ಕೆಂಚಪ್ಪ, ಹುಡುಗನ ತಂದೆ. ತಮ್ಮ ಹೆಸರು?" ಎಂದು ಕೇಳಿದರು.

ನನ್ನ ಬಾಯಿಂದ ಬಂದದ್ದು "ಎ." ಅಷ್ಟೇ. ಮುಂದಿನ ಅಕ್ಷರಗಳು ಬರಲಿಲ್ಲ, ದಾಕ್ಷಾ. ಅವರು ಸ್ವಲ್ಪ ಕಾದರು. ಆಮೇಲೆ "ಸಂತೋಷ, ಎ. ಅವರೇ. ಇನ್ನೊಂದು ಹೋಳಿಗೆ ತರಲೇ?" ಎಂದು ಕೇಳಿದರು.

ತಟ್ಟೆ ನನ್ನ ಹತ್ತಿರವೇ ಇದೆ. ತೊಳೆದಿಟ್ಟಿದ್ದೇನೆ.

ಎ.